ಡ್ರಿಲ್ ಮೇಷ್ಟ್ರ ಇಂಗ್ಲಿಷು

ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಕಟಿಂಗ್ ಶಾಪಿನ ಬಾಗಿಲಲ್ಲಿ, ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನೂ ಅಲ್ಲೇ ಇದ್ದೆ. ಅರ್ಧ ಮುಖಕ್ಕೆ ಸೋಪು ಬಳಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದೆ. ನಾನು ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಇದ್ದದ್ದನ್ನು ಇದ್ದಷ್ಟೇ ಹೇಳುವುದು ನನ್ನ ಕಸುಬು.

ಕೈಯಲ್ಲಿ ಸೂಟ್‌ಕೇಸು, ಕಂಕುಳಲ್ಲಿ ದಪ್ಪನೆಯ ಲಕೋಟೆ ಹಿಡಿದ ಅಪರಿಚಿತನೊಬ್ಬ ಬಂದು ಇಂಗ್ಲಿಷಿನಲ್ಲಿ ಏನೋ ದಾರಿ ಕೇಳಿದ. ಕಟಿಂಗ್ ಶಾಪಿನವನು ನನ್ನ ಮುಖ ನೋಡಿದ. ನಾನು ಬಾಯಿಗೆ ಸೋಪು ಹೋಗುತ್ತದೆ ಎಂಬಂತೆ ತುಟಿ ಬಿಗಿದುಕೊಂಡೆ. ಪಕ್ಕದ ಪೇಪರ್ ಅಂಗಡಿಯವನು ಆಕಾಶ ನೋಡತೊಡಗಿದ. ಆಗ ಹೊರಗಿನ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದ ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಎದೆಯುಬ್ಬಿಸಿ, ಬಲಗೈ ನೀಳವಾಗಿ ಚಾಚಿ, "ಸ್ಟ್ರೈಟ್. ಲೆಫ್ಟ್ ಟರ್ನ್. ಕ್ವಿಕ್ ಮಾರ್ಚ್. ಹಾಲ್ಟ್" ಎಂದರು.

ಇಪ್ಪತ್ತು ವರ್ಷ ಮೈದಾನದಲ್ಲಿ ಪಳಗಿದ ಗಂಟಲು. ಅಪರಿಚಿತ ಮರುಮಾತಿಲ್ಲದೆ ಎಡಗಾಲು ಮುಂದಿಟ್ಟು ಹೊರಟೇಬಿಟ್ಟ. ಮೂಲೆ ಬಂದಾಗ ಕೋನಮಾಪಕ ಇಟ್ಟ ಹಾಗೆ ತೊಂಬತ್ತು ಡಿಗ್ರಿ ತಿರುಗಿದ. ಆ ಲಕೋಟೆಯನ್ನು ನೋಡಿದರೆ ಅವನಿಗೆ ಬೇಕಾಗಿದ್ದದ್ದು ಅಂಚೆ ಕಚೇರಿ ಎಂದು ತೋರುತ್ತಿತ್ತು. ಮೇಷ್ಟ್ರು ಕಳಿಸಿದ್ದು ಬಸ್ ನಿಲ್ದಾಣಕ್ಕೆ. ಆದರೆ ಬಸ್ ನಿಲ್ದಾಣ ಮುಟ್ಟಿದವನು ದೂರು ಹೇಳಲು ವಾಪಸು ಬರುವುದು ಅಪರೂಪ.

ಕಟಿಂಗ್ ಶಾಪಿನವನು ಆ ದಿನ ಕೈಗೆ ಸಿಕ್ಕಿದ ತಲೆಗಳಿಗೆಲ್ಲ ಈ ಕಥೆ ಹೇಳಿದ. ಕತ್ತರಿಯ ಕೆಳಗೆ ತಲೆ ಕೊಟ್ಟವನು ಎದ್ದು ಹೋಗುವ ಹಾಗಿಲ್ಲ, ಕೇಳಲೇಬೇಕು. ಮಧ್ಯಾಹ್ನದ ಹೊತ್ತಿಗೆ ಆ ನಾಲ್ಕು ಆಜ್ಞೆಗಳು ಹತ್ತು ನಿಮಿಷದ ಸಂಭಾಷಣೆಯಾದವು. ಸಂಜೆಗೆ ಅರ್ಧ ಗಂಟೆಯ ಚರ್ಚೆಯಾಯಿತು. ಸೋಮವಾರ ಬೆಳಿಗ್ಗೆ ಅದು ಹೆಡ್ ಮೇಡಂ ಕಿವಿಗೆ ಬಿತ್ತು. ಬಿದ್ದ ಗಳಿಗೆಯೂ ಸರಿಯಾಗಿತ್ತು: ನಮ್ಮ ಇಂಗ್ಲಿಷ್ ಮೇಡಂ ಹಿಂದಿನ ವಾರವಷ್ಟೇ ಲೈಬ್ರರಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಮೂರು ತಿಂಗಳ ರಜೆ ಹಾಕಿದ್ದರು.

ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಕೇಳಿದರು. "ಏನ್ ಮೇಷ್ಟ್ರೇ, ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಂತೆ?"

ಇಲ್ಲ ಎನ್ನಲು ಅರ್ಧ ಉಸಿರು ಸಾಕಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಅವರನ್ನು ಪಾಠದ ವಿಷಯ ಕೇಳಿರಲಿಲ್ಲ. ಕೇಳುತ್ತಿದ್ದದ್ದು ಬೀರು ಸರಿಸಬೇಕಾದಾಗ, ಫ್ಯಾನು ನಿಂತಾಗ. ಮೇಷ್ಟ್ರು ಟೋಪಿ ಸರಿಮಾಡಿಕೊಂಡು, "ಏನೋ, ತಕ್ಕಮಟ್ಟಿಗೆ" ಎಂದರು. ನಿಜವಾಗಿ ಗೊತ್ತಿರುವವರು ವಿನಯಕ್ಕೆ ಬಳಸುವ ಮಾತು ಅದು. ಹೆಡ್ ಮೇಡಂ ಅಲ್ಲೇ ಟೈಂಟೇಬಲ್ ತಿದ್ದಿದರು.

ಮೇಷ್ಟ್ರ ಪಾಲಿಗೆ ಬಂದದ್ದು ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳು. ಇಂಗ್ಲಿಷಿನ ಗಾಳಿಯೂ ಸೋಕದ ಸಣ್ಣ ಶಾಲೆಗಳಿಂದ ಬಂದವರು. ಅವರನ್ನು ಬೇರೆ ಮಾಡಿ ವಿಜ್ಞಾನದ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯ ಅಸ್ಥಿಪಂಜರದ ಪಕ್ಕ ಕೂರಿಸಲಾಗಿತ್ತು. ಮೂರು ತಿಂಗಳಿಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕರ ಜೊತೆ ಒಬ್ಬೊಬ್ಬರೂ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಮಾತು ಹೊರಡದಿದ್ದರೆ ಮತ್ತೆ ಅದೇ ತರಗತಿ. ಗುಂಪಿನಲ್ಲಿದ್ದ ಟೈಲರ್ ಮಗಳು ಹೀಗೆ ಆಗಲೇ ಒಂದು ವರ್ಷ ಕಳೆದುಕೊಂಡಿದ್ದಳು. ಇನ್ನೊಂದು ಸಲ ಫೇಲಾದರೆ ಶಾಲೆ ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಹೇಳಿ ಸುಮ್ಮನಾಗದೆ, ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಎರಡನೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಕಿಟಕಿಯ ಹತ್ತಿರ ತಂದಿಟ್ಟಿದ್ದ.

ಮೊದಲ ದಿನ ಮೇಷ್ಟ್ರು ಒಳಗೆ ಹೋಗಿ "ಗುಡ್ ಮಾರ್ನಿಂಗ್" ಎಂದರು. ಹನ್ನೆರಡು ಜನ "ಗುಡ್ ಮಾರ್ನಿಂಗ್ ಸರ್" ಎಂದರು. "ಸಿಟ್ ಡೌನ್" ಎಂದರು, ಕೂತರು. ಅಲ್ಲಿಗೆ ಒಂದು ನಿಮಿಷ ಕಳೆದು ನಲವತ್ನಾಲ್ಕು ನಿಮಿಷ ಉಳಿಯಿತು. ಮೇಷ್ಟ್ರು ಅಸ್ಥಿಪಂಜರ ನೋಡಿದರು. ಅದರಿಂದ ಏನೂ ಸಹಾಯ ಬರಲಿಲ್ಲ. "ಸ್ಟ್ಯಾಂಡ್ ಅಪ್" ಎಂದರು. ಎದ್ದರು. "ಸಿಟ್ ಡೌನ್." ಕೂತರು. ಕಾಲು ಗಂಟೆಯಲ್ಲಿ ಆ ಮಕ್ಕಳು ಅರವತ್ತು ಸಲ ಎದ್ದು ಕೂತರು. ಕೆಳಗಿನ ಕೋಣೆಯಲ್ಲಿ ಬೀಜಗಣಿತ ಹೇಳುತ್ತಿದ್ದ ನನ್ನ ತಲೆಯ ಮೇಲೆ ಸುಣ್ಣ ಉದುರಿತು. ಕೊನೆಗೆ ಮೇಷ್ಟ್ರು ತಮ್ಮಲ್ಲಿದ್ದ ಇಂಗ್ಲಿಷಿಗೆ ಈ ಕೋಣೆ ಸಾಲದು, ಜಾಗ ಬೇಕು ಎಂದು ಕಂಡುಕೊಂಡು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದರು.

ಮೈದಾನದಲ್ಲಿ ಅವರು ಶ್ರೀಮಂತರು. ರನ್, ಜಂಪ್, ಸ್ಟಾಪ್, ಥ್ರೋ, ಕ್ಯಾಚ್ ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಮಕ್ಕಳು ಓಡುತ್ತಾ "ರನ್" ಎಂದರು, ಹಾರುತ್ತಾ "ಜಂಪ್" ಎಂದರು. ಮೂರನೇ ದಿನ ಟೈಲರ್ ಮಗಳು ಕಾಲು ತಡವರಿಸಿ ಬಿದ್ದಳು. ಎದ್ದು ಮಂಡಿ ಒರೆಸಿಕೊಂಡು, ಬಿದ್ದದ್ದಕ್ಕೆ ಏನಂತಾರೆ ಎಂದು ಕೇಳಿದಳು.

ಡ್ರಿಲ್ಲಿನಲ್ಲಿ ಬೀಳು ಎಂಬ ಆಜ್ಞೆ ಇಲ್ಲ. ಆದರೆ ಕಷ್ಟಕಾಲದಲ್ಲಿ ಮನುಷ್ಯನಿಗೆ ಎಲ್ಲಿಂದಲೋ ಬುದ್ಧಿ ಬರುತ್ತದೆ. "ಅದು ನಾಳೆಯ ಹೋಂವರ್ಕು. ನೀನೇ ಹುಡುಕಿಕೊಂಡು ಬಾ" ಎಂದರು.

ಮಾರನೆಯ ದಿನ ಅವಳು ಒಂದಲ್ಲ, ಮೂರು ತಂದಳು: ಫಾಲ್, ಫೆಲ್, ಫಾಲನ್. ಮೇಷ್ಟ್ರು ಗಂಭೀರವಾಗಿ, ಮೂರರಲ್ಲಿ ಯಾವುದು ಯಾವಾಗ ಎಂದು ವಿಚಾರಿಸಿದರು. ಬೀಳುವಾಗ ಒಂದು, ಬಿದ್ದಾದ ಮೇಲೆ ಇನ್ನೊಂದು, ಬಿದ್ದು ಹಾಗೇ ಇದ್ದರೆ ಮತ್ತೊಂದು ಎಂದು ಅವಳು ತನಗೆ ತಿಳಿದಷ್ಟು ವಿವರಿಸಿದಳು. "ಸರಿ" ಎಂದು ಮೇಷ್ಟ್ರು ಹಾಜರಿ ರಿಜಿಸ್ಟರಿನಲ್ಲಿ ಮಾರ್ಕು ಹಾಕುವವರ ಹಾಗೆ ಮೂರನ್ನೂ ಬರೆದುಕೊಂಡರು. ಅಂದಿನಿಂದ ಅದೇ ಕ್ರಮವಾಯಿತು. ಗೊತ್ತಿಲ್ಲದ್ದೆಲ್ಲ ಹೋಂವರ್ಕು. ಗೊತ್ತಿಲ್ಲದ್ದು ಹೇರಳವಾಗಿ ಇದ್ದದ್ದರಿಂದ ಹೋಂವರ್ಕಿಗೆ ಬರವೇ ಇರಲಿಲ್ಲ. ಲೈಬ್ರರಿಯಲ್ಲಿ ಧೂಳು ಹಿಡಿದಿದ್ದ ಡಿಕ್ಷನರಿ ಎರಡು ವಾರದಲ್ಲಿ ರಟ್ಟು ಕಳಚಿಕೊಂಡಿತು.

ಶಾಲೆಯಲ್ಲಿ ಹೀಗೆ ಹೇಗೋ ನಡೆಯುತ್ತಿತ್ತು. ಬೀದಿಯಲ್ಲಿ ಹೋಂವರ್ಕು ಕೊಡುವ ಹಾಗಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಹೊಸ ವಾಷಿಂಗ್ ಮೆಷೀನು ತರಿಸಿದವರು ಅದರ ಇಂಗ್ಲಿಷ್ ಪುಸ್ತಕ ಹಿಡಿದು ನೇರ ಮೇಷ್ಟ್ರ ಮನೆಗೇ ಬಂದರು. ಹೆಂಡತಿ, ಅತ್ತೆ ಇಬ್ಬರೂ ನೋಡುತ್ತಿದ್ದಾರೆ. ಮೇಷ್ಟ್ರು ಪುಟ ತಿರುವಿದರು. ಮೆಷೀನಿನ ಹಿಂಬದಿಯ ನಾಲ್ಕು ಬೋಲ್ಟುಗಳ ಚಿತ್ರವಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಏನೋ ಎಚ್ಚರಿಕೆ. ದಪ್ಪ ಅಕ್ಷರ ಎಂದರೆ ಮುಖ್ಯವಾದದ್ದು ಎನ್ನುವಷ್ಟು ಅವರಿಗೆ ಅರ್ಥವಾಯಿತು. "ಈ ಬೋಲ್ಟುಗಳನ್ನ ಚೆನ್ನಾಗಿ ಬಿಗಿ ಮಾಡಬೇಕಂತೆ" ಎಂದರು.

ಅಲ್ಲಿ ಬರೆದಿದ್ದದ್ದು, ಸಾಗಣೆಗೆಂದು ಹಾಕಿದ ಈ ಬೋಲ್ಟುಗಳನ್ನು ಬಿಚ್ಚದೆ ಮೆಷೀನು ಓಡಿಸಬಾರದು ಎಂದು. ಪೋಸ್ಟ್‌ಮಾಸ್ಟರು ಸ್ಪ್ಯಾನರ್ ತಂದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದರು. ಸ್ವಿಚ್ ಹಾಕಿದ ಐದನೇ ನಿಮಿಷಕ್ಕೆ ಮೆಷೀನು ಮೈ ನಡುಗಿಸಿಕೊಂಡು ಬಚ್ಚಲಿನಿಂದ ಹೊರಟಿತು. ಎಡಗಾಲು, ಬಲಗಾಲು ಎಂದು ಹೆಜ್ಜೆ ಹಾಕುತ್ತಾ ನಡುಮನೆ ದಾಟಿತು. ವಯರು ಸೆಳೆದು ನಿಂತಾಗ ಅದು ಬೀದಿಬಾಗಿಲಲ್ಲಿತ್ತು. ಪೋಸ್ಟ್‌ಮಾಸ್ಟರ ಹೆಂಡತಿ ಅದನ್ನು ತಬ್ಬಿ ಹಿಡಿದುಕೊಂಡು ಮೇಷ್ಟ್ರನ್ನು ಕೂಗಿದರು. ಮೇಷ್ಟ್ರು ಬಂದು ನೋಡಿ, ಅಭ್ಯಾಸಬಲದಿಂದ "ಹಾಲ್ಟ್" ಎಂದರಂತೆ. ಅಷ್ಟರಲ್ಲಿ ಯಾರೋ ಪ್ಲಗ್ ಕಿತ್ತರು, ಮೆಷೀನು ನಿಂತಿತು. ಮೇಷ್ಟ್ರ ಇಂಗ್ಲಿಷಿಗೆ ಯಂತ್ರವೂ ಮಣಿಯುತ್ತದೆ ಎಂದು ಆ ಬೀದಿಯಲ್ಲಿ ಮಾತಾಯಿತು.

ಮಕ್ಕಳು ಮಾತ್ರ ಅಷ್ಟು ಸುಲಭಕ್ಕೆ ಮೋಸಹೋಗುವವರಲ್ಲ. ನಾಲ್ಕನೇ ವಾರ ಗುಂಪಿನಲ್ಲೇ ಎತ್ತರದವನಾದ ಉದ್ದಣ್ಣ ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿ, ಸರ್‌ಗೆ ನಮಗಿಂತ ಕಡಿಮೆ ಬರುತ್ತೆ ಕಣ್ರೋ, ಹೆಡ್ ಮೇಡಂಗೆ ಹೇಳೋಣವೇ ಎಂದು ಕೇಳಿದ. ಅದಕ್ಕೆ ಟೈಲರ್ ಮಗಳು ಹೇಳಿದಳು.

"ಇಂಗ್ಲಿಷ್ ಗೊತ್ತಿರೋರು ನಮ್ಮನ್ನ ಅಸ್ಥಿಪಂಜರದ ಪಕ್ಕ ಕೂರಿಸಿದ್ರು. ಗೊತ್ತಿಲ್ಲದೋರು ದಿನಾ ನಮ್ಮನ್ನೇ ಕೇಳ್ತಾರೆ. ನಂಗೆ ಇವರೇ ಸಾಕು."

ಯಾರೂ ಬಾಯಿ ಬಿಡಕೂಡದೆಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ಅವರು ಮೇಷ್ಟ್ರನ್ನು ಬಹಳ ನಾಜೂಕಾಗಿ ನೋಡಿಕೊಂಡರು. ಮೇಷ್ಟ್ರು ತಪ್ಪು ಹೇಳಿದರೆ ಯಾರೂ ನಗುತ್ತಿರಲಿಲ್ಲ. ಒಬ್ಬ ಅದನ್ನೇ ಸರಿಯಾಗಿ ಹೇಳಿ, "ಸರ್, ನೀವು ಹೇಳಿದ್ದು ಹಿಂಗೇ ಅಲ್ವಾ?" ಎನ್ನುತ್ತಿದ್ದ. "ಮತ್ತೆ ಇನ್ನು ಹೆಂಗೆ?" ಎಂದು ಮೇಷ್ಟ್ರು ರಿಜಿಸ್ಟರ್ ತೆರೆಯುತ್ತಿದ್ದರು. ಮಕ್ಕಳಿಗೆ ಗೊತ್ತಾಗಿದೆ ಎಂದು ಮೇಷ್ಟ್ರಿಗೂ ಗೊತ್ತಿತ್ತು. ಆ ದಿನಗಳಲ್ಲೊಮ್ಮೆ ನನ್ನ ಪಕ್ಕ ಕೂತು ಟೀ ಕುಡಿಯುತ್ತಾ, ತಮಗೆ ಜೀವಮಾನದಲ್ಲಿ ಯಾರೂ ಇಷ್ಟು ಮರ್ಯಾದೆಯಿಂದ ಪಾಠ ಹೇಳಿಕೊಟ್ಟಿರಲಿಲ್ಲ ಎಂದರು. ಹೇಳಿದ ಮೇಲೆ ಗಾಬರಿಯಾಗಿ ಲೋಟ ತೊಳೆಯಲು ಎದ್ದುಹೋದರು.

ಇದು ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಒಂದು ಮಂಗಳವಾರ ಶಿಕ್ಷಣಾಧಿಕಾರಿಗಳು ಮುನ್ಸೂಚನೆ ಕೊಡದೆ ಬಂದರು. ಕಾರಿನಿಂದ ಇಳಿಯುತ್ತಿದ್ದಂತೆ ಮೈದಾನ ಕಣ್ಣಿಗೆ ಬಿತ್ತು. ಹನ್ನೆರಡು ಜನ ಸುತ್ತುಹಾಕುತ್ತಾ, "ಐ ಆಮ್ ರನ್ನಿಂಗ್, ಹಿ ಈಸ್ ಫಾಲಿಂಗ್, ಶಿ ಹ್ಯಾಸ್ ಫಾಲನ್" ಎಂದು ಕಿರುಚುತ್ತಿದ್ದರು. ಬಿದ್ದವಳು ನಿಜಕ್ಕೂ ಬಿದ್ದಿದ್ದಳು. ಏನಿದು ಎಂದು ಅಧಿಕಾರಿಗಳು ಹೆಡ್ ಮೇಡಂರನ್ನು ಕೇಳಿದರು.

ಹೆಡ್ ಮೇಡಂಗೆ ತಲೆಬುಡ ಗೊತ್ತಿರಲಿಲ್ಲ. ಆದರೆ ತಮ್ಮ ಶಾಲೆಯಲ್ಲಿ ನಡೆಯುವುದು ತಮಗೆ ಗೊತ್ತಿಲ್ಲ ಎನ್ನುವ ಹೆಡ್ ಮೇಡಂ ಇನ್ನೂ ಹುಟ್ಟಿಲ್ಲ. ಇದು ಹೊಸ ಪದ್ಧತಿ, ಹೊರದೇಶಗಳಲ್ಲೆಲ್ಲ ಈಗ ಹೀಗೇ ಎಂದರು. ಇಂಥದ್ದನ್ನು ಕೇಳೇ ಇಲ್ಲ ಎನ್ನುವ ಶಿಕ್ಷಣಾಧಿಕಾರಿಯೂ ಹುಟ್ಟಿಲ್ಲ. ಹೌದೌದು, ಈ ಬಗ್ಗೆ ಓದಿದ್ದೇನೆ, ಆದರೆ ನಮ್ಮಲ್ಲಿ ಕಾಣುತ್ತಿರುವುದು ಇದೇ ಮೊದಲು ಎಂದು ತಲೆದೂಗಿದರು. ಹದಿನೈದು ದಿನದಲ್ಲಿ ಆದೇಶ ಬಂತು. ಸುತ್ತಲಿನ ಹನ್ನೊಂದು ಹೈಸ್ಕೂಲುಗಳ ಇಂಗ್ಲಿಷ್ ಶಿಕ್ಷಕರು ಈ ಪದ್ಧತಿಯನ್ನು ನೋಡಲು ನಮ್ಮಲ್ಲಿಗೆ ಬರತಕ್ಕದ್ದು. ಅವರನ್ನು ಉದ್ದೇಶಿಸಿ ಡ್ರಿಲ್ ಮೇಷ್ಟ್ರು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡತಕ್ಕದ್ದು.

ಆದೇಶ ಓದಿಸಿಕೊಂಡ ಮೇಷ್ಟ್ರು ಮನೆಗೆ ಹೋಗಿ ಕಾಲು ನೀಡಿ ಕೂತುಬಿಟ್ಟರು. ಹೆಂಡತಿ ಧೈರ್ಯ ಹೇಳಿ ತಮ್ಮನನ್ನು ಕರೆಸಿದಳು. ಈ ಭಾವಮೈದುನ ಕೋರ್ಟಿನಲ್ಲಿ ಗುಮಾಸ್ತ. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಕೋರ್ಟಿನದು ಮಾತ್ರ. ಭಾವನಿಗೋಸ್ಕರ ಎರಡು ದಿನ ಕೂತು ಆರು ಪುಟದ ಭಾಷಣ ಬರೆದುಕೊಟ್ಟ. ಅದು ಆರಂಭವಾಗುವುದೇ "ವೇರ್‌ಆ್ಯಸ್ ದ ಸೆಡ್ ಚಿಲ್ಡ್ರನ್" ಎಂದು. ಮುಂದೆ ಮಕ್ಕಳನ್ನೆಲ್ಲ ಒಂದನೇ ಪಾರ್ಟಿ ಎಂದೂ ಮೇಷ್ಟ್ರನ್ನು ಎರಡನೇ ಪಾರ್ಟಿ ಎಂದೂ ಕರೆದಿತ್ತು. ಮೇಷ್ಟ್ರು ಅದನ್ನು ಬಾಯಿಪಾಠ ಮಾಡತೊಡಗಿದರು. ಸ್ನಾನದ ಮನೆಯಿಂದ ಆ ಗುಡುಗು ಕೇಳಿ, ಅಳಿಯಂದಿರು ಬೆಳಗೆದ್ದು ಯಾರಿಗೆ ಇಷ್ಟೊಂದು ಶಾಪ ಹಾಕುತ್ತಿದ್ದಾರೆ ಎಂದು ಅತ್ತೆ ತಮ್ಮ ಮಗಳನ್ನು ವಿಚಾರಿಸಿದರು.

ಆ ದಿನ ಬಂತು. ಸಭಾಂಗಣದಲ್ಲಿ ಮೂವತ್ತು ಶಿಕ್ಷಕರು. ಮುಂದಿನ ಸಾಲಿನಲ್ಲಿ ಶಿಕ್ಷಣಾಧಿಕಾರಿಗಳು, ಹೆಡ್ ಮೇಡಂ. ಕೊನೆಯ ಸಾಲಿನಲ್ಲಿ ನಾನು. ನನ್ನ ಪಕ್ಕ ಊರುಗೋಲು ಒರಗಿಸಿಕೊಂಡು ನಮ್ಮ ಇಂಗ್ಲಿಷ್ ಮೇಡಂ. ತಮ್ಮ ಜಾಗದಲ್ಲಿ ಏನು ಪವಾಡ ನಡೆದಿದೆ ಎಂದು ನೋಡಲು ಆಟೋ ಮಾಡಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದರು.

ಮೇಷ್ಟ್ರು ಮೈಕಿನ ಮುಂದೆ ನಿಂತು "ವೇರ್‌ಆ್ಯಸ್" ಎಂದರು. ಸಭೆ ಮೈಯೆಲ್ಲ ಕಿವಿಯಾಯಿತು. ಮೇಷ್ಟ್ರು ಇನ್ನೊಂದು ಸಲ "ವೇರ್‌ಆ್ಯಸ್" ಎಂದರು. ಮೂರನೇ ಸಲ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಹಣೆಯ ಬೆವರು ಮೀಸೆಗೆ ಇಳಿಯಿತು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಆಗ ಟೈಲರ್ ಮಗಳು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಸರ್, ವಾಟ್ ಹ್ಯಾಪನ್ಡ್?"

ದಿನವೂ ಮೈದಾನದಲ್ಲಿ ಯಾರಾದರೂ ಬಿದ್ದಾಗ ಅವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಮೇಷ್ಟ್ರು ಅವಳ ಕಡೆ ತಿರುಗಿದರು. "ಐ ಫರ್ಗಾಟ್."

"ವಾಟ್ ಡಿಡ್ ಯು ಫರ್ಗೆಟ್, ಸರ್?"

"ಎವೆರಿಥಿಂಗ್."

"ಹೂ ರೋಟ್ ಇಟ್?" ಇದು ಉದ್ದಣ್ಣನ ಪ್ರಶ್ನೆ.

"ಮೈ ವೈಫ್ಸ್ ಬ್ರದರ್."

ಸಭೆಯಲ್ಲಿ ನಗು ಹರಡಿತು. ಮಕ್ಕಳು ಬಿಡಲಿಲ್ಲ. ಮೇಷ್ಟ್ರು ನಿಂತಲ್ಲೇ ಮುಳುಗುತ್ತಿದ್ದಾರೆ, ಪ್ರಶ್ನೆ ಕೇಳುತ್ತಿದ್ದರೆ ತೇಲುತ್ತಾರೆ ಎಂದು ಅವರಿಗೆ ಅನ್ನಿಸಿತ್ತು. ಯಾಕೆ ಬರೆಸಿಕೊಂಡಿರಿ, ಭಯವಾಯಿತೇ, ಈಗಲೂ ಭಯವಿದೆಯೇ ಎಂದು ಒಬ್ಬೊಬ್ಬರಾಗಿ ಇಂಗ್ಲಿಷಿನಲ್ಲಿ ಕೇಳಿದರು. ಮೇಷ್ಟ್ರು ಒಂದೊಂದಕ್ಕೂ ಉತ್ತರ ಕೊಟ್ಟರು. ಹಾಗೆ ಕೊಡುತ್ತಾ ಕೊಡುತ್ತಾ ಅವರಿಗೇ ಸಾಕಾಯಿತೆಂದು ಕಾಣುತ್ತದೆ. ಮೈಕು ಹಿಡಿದು ಸಭೆಯ ಕಡೆ ತಿರುಗಿ, "ಐ ಡೋಂಟ್ ನೋ ಇಂಗ್ಲಿಷ್. ದೇ ನೋ. ದೇ ಟೀಚ್ ಮಿ" ಎಂದರು. ನನಗೆ ಬರುವುದಿಲ್ಲ, ಬರುವುದು ಇವರಿಗೆ, ಕಲಿಸುವವರೂ ಇವರೇ ಎಂಬ ಇಡೀ ನಿಜ ಆ ಮೂರು ವಾಕ್ಯದಲ್ಲಿತ್ತು.

ಮುಂದಿನ ಕ್ಷಣ ಶಿಕ್ಷಣಾಧಿಕಾರಿಗಳು ಎದ್ದು ಚಪ್ಪಾಳೆ ತಟ್ಟಿದರು. ನೋಡಿದಿರಾ, ಮೇಷ್ಟ್ರೇ ದಡ್ಡನ ಪಾತ್ರ ಹಾಕಿ ಮಕ್ಕಳ ಬಾಯಿ ಹೇಗೆ ಬಿಡಿಸಿದರು ಎಂದು ಸಭೆಗೆ ವಿವರಿಸಿದರು. ಮೇಷ್ಟ್ರು ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ, "ಇಲ್ಲ ಸರ್, ನಿಜವಾಗ್ಲೂ ನಂಗೆ ಬರಲ್ಲ" ಎಂದರು. ಚಪ್ಪಾಳೆ ಇಮ್ಮಡಿಯಾಯಿತು. ಕೈಮುಗಿದು ಮತ್ತೊಮ್ಮೆ ಹೇಳಿದರು. ಮೂವತ್ತು ಶಿಕ್ಷಕರೂ ಎದ್ದು ನಿಂತರು.

ಇಂಗ್ಲಿಷ್ ಮೇಡಂ ಮಾತ್ರ ಕಾಲು ನೋವಿನಿಂದ ಏಳಲಾರದೆ ಕೂತೇ ಇದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತೆಂದು ನನ್ನ ಊಹೆ. ಟೈಲರ್ ಮಗಳನ್ನೇ ನೋಡುತ್ತಾ, "ನನ್ನ ಕ್ಲಾಸಲ್ಲಿ ಈ ಹುಡುಗಿ ಒಂದು ವರ್ಷ ಬಾಯೇ ಬಿಟ್ಟಿರಲಿಲ್ಲ" ಎಂದರು. ಆಮೇಲೆ ಊರುಗೋಲನ್ನು ನನ್ನ ಕೈಗೆ ಕೊಟ್ಟು ಅವರೂ ಚಪ್ಪಾಳೆ ತಟ್ಟಿದರು.

ಮೌಖಿಕ ಪರೀಕ್ಷೆಯ ದಿನ ಮೇಷ್ಟ್ರು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದು ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡರು. ಎಲ್ಲರೂ ಐದೈದು ನಿಮಿಷಕ್ಕೆ ಹೊರಬಂದರು. ಟೈಲರ್ ಮಗಳು ಹನ್ನೆರಡು ನಿಮಿಷವಾದರೂ ಬರಲಿಲ್ಲ. ಮೇಷ್ಟ್ರು ಕಿಟಕಿಗೆ ಕಿವಿ ಕೊಟ್ಟು ಜವಾನನಿಂದ ಬೈಸಿಕೊಂಡರು. ಕೊನೆಗೆ ಅವಳು ಹೊರಬಂದಾಗ ಏನಾಯಿತೆಂದು ಕೇಳಿದರು. ಅಪ್ಪನ ಕೆಲಸದ ಬಗ್ಗೆ ಪರೀಕ್ಷಕರು ಕೇಳಿದರಂತೆ. ಇವಳು ಹೊಲಿಗೆಯ ವಿಷಯ ಹೇಳಿದಳಂತೆ. ಅದಕ್ಕೆ ಆ ಪರೀಕ್ಷಕಿ, ನಮ್ಮ ಮನೆಯ ಯಂತ್ರದಲ್ಲಿ ದಾರ ಪದೇ ಪದೇ ಕಡಿಯುತ್ತದೆ, ಏನು ಮಾಡಲಿ ಎಂದರಂತೆ.

"ಸೂಜಿ ಉಲ್ಟಾ ಹಾಕಿದ್ದಾರೆ ಸರ್ ಅವರು. ಅರ್ಥ ಮಾಡಿಸೋಕೆ ಸ್ವಲ್ಪ ಹೊತ್ತು ಹಿಡೀತು" ಎಂದಳು.

ಹನ್ನೊಂದು ಜನ ಪಾಸು. ಉದ್ದಣ್ಣ ಒಬ್ಬ ಫೇಲು. ನಿನ್ನ ಬಗ್ಗೆ ಹೇಳು ಎಂದಾಗ ಇದ್ದದ್ದನ್ನೆಲ್ಲ ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ನಾಲ್ಕು ನಿಮಿಷಕ್ಕೆ ಮಾತು ಸಾಲದೆ ಕೂತನಂತೆ. ಮುಂದಿನ ತಿಂಗಳು ಎರಡನೇ ಅವಕಾಶದಲ್ಲಿ ಸ್ವಲ್ಪ ಸುಳ್ಳು ಸೇರಿಸಿ ಅವನೂ ಪಾಸಾದ. ಟೈಲರು ಎರಡನೇ ಯಂತ್ರವನ್ನು ಮತ್ತೆ ಮೂಲೆಗೆ ತಳ್ಳಿ, ಕಿಟಕಿಯ ಹತ್ತಿರ ಮಗಳ ಓದಿಗೆ ಒಂದು ಮೇಜು ಹಾಕಿದ.

ಇಷ್ಟಾದ ಮೇಲೆ ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದೇ: ತಮ್ಮ ಮೈದಾನ. ಬಂದದ್ದು ಇನ್ನೊಂದು ಆದೇಶ. ಮುಂದಿನ ವರ್ಷದಿಂದ ಅವರು ಡ್ರಿಲ್ ಬಿಟ್ಟು, ಎಲ್ಲ ಹೈಸ್ಕೂಲುಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡತಕ್ಕದ್ದು. ಬಾಯಿಮಾತನ್ನು ಯಾರೂ ನಂಬುವುದಿಲ್ಲ ಎಂದು ಸಭೆಯಲ್ಲೇ ಗೊತ್ತಾಗಿತ್ತು. ಹಾಗಾಗಿ ಲಿಖಿತ ಪುರಾವೆಯನ್ನೇ ಕೊಡುವುದೆಂದು ಮೇಷ್ಟ್ರು ನಿಶ್ಚಯಿಸಿದರು. ತಮಗೆ ಇಂಗ್ಲಿಷ್ ಬಾರದೆಂದು, ಯಾರ ಸಹಾಯವೂ ಇಲ್ಲದೆ, ಇಂಗ್ಲಿಷಿನಲ್ಲೇ ಒಂದು ಅರ್ಜಿ ಬರೆದರು. ಬೇಕೆಂದು ತಪ್ಪು ಮಾಡುವ ಅಗತ್ಯವೇ ಬರಲಿಲ್ಲ. ನಾನೇ ಎಣಿಸಿದ್ದೇನೆ, ಒಂದು ಪುಟದಲ್ಲಿ ಇಪ್ಪತ್ಮೂರು ತಪ್ಪಿದ್ದವು. ನನಗೆ ಕಂಡಷ್ಟು ಮಾತ್ರ ಅದು. ನೋಡಿದವರಿಗೆ ಸಂಶಯ ಉಳಿಯುವಂತಿರಲಿಲ್ಲ.

ಅದನ್ನು ಶಾಲೆಯ ಕಚೇರಿಗೆ ಕೊಟ್ಟು ಬಾ ಎಂದು ಟೈಲರ್ ಮಗಳ ಕೈಗಿತ್ತದ್ದೇ ಅವರು ಮಾಡಿದ ತಪ್ಪು. ಲಕೋಟೆ ಅಂಟಿಸಿರಲಿಲ್ಲ. ತಮ್ಮ ಮೇಷ್ಟ್ರ ಹೆಸರಿನಲ್ಲಿ ಅಂಥ ಕಾಗದ ಹೊರಗೆ ಹೋಗುವುದನ್ನು ಆ ಹನ್ನೆರಡು ಜನಕ್ಕೆ ಸಹಿಸಲಾಗಲಿಲ್ಲ. ಲೈಬ್ರರಿಯಲ್ಲಿ ಕೂತು, ಡಿಕ್ಷನರಿ ಹಿಡಿದು, ಪದ ಪದಕ್ಕೂ ಜಗಳವಾಡಿ ತಿದ್ದಿದರು. ಕೊನೆಗೆ ಇಂಗ್ಲಿಷ್ ಮೇಡಂಗೂ ತೋರಿಸಿಕೊಂಡು ಬಂದರು. ಮಾರನೆಯ ದಿನ, ಮಸಿ ಚೆಲ್ಲಿತ್ತು ಸರ್, ಅದಕ್ಕೆ ಫೇರ್ ಕಾಪಿ ಮಾಡಿದ್ವಿ ಎಂದು ಮುಂದಿಟ್ಟರು. ಹೈಜಂಪಿನ ಕಂಬ ನೆಡಿಸುತ್ತಿದ್ದ ಮೇಷ್ಟ್ರು ಓದದೆಯೇ ಸಹಿ ಹಾಕಿದರು.

ಉತ್ತರ ಎರಡು ವಾರಕ್ಕೆ ಬಂತು. ಮೇಷ್ಟ್ರು ಮೈದಾನದ ನಡುವೆಯೇ ಲಕೋಟೆ ಒಡೆದರು. ನಾನು ಹತ್ತಿರ ಹೋಗುವ ಹೊತ್ತಿಗೆ ಓದಿ ಮುಗಿಸಿದ್ದರು. ತಮಗೆ ಇಂಗ್ಲಿಷ್ ಬಾರದೆಂದು ಇಷ್ಟು ಶುದ್ಧವಾದ ಇಂಗ್ಲಿಷಿನಲ್ಲಿ ಬರೆಯಬಲ್ಲವರ ವಿನಯವನ್ನು ಇಲಾಖೆ ಮೆಚ್ಚಿದೆ, ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಅಧಿಕಾರಿಗಳು ಇಡೀ ಒಂದು ಪುಟ ಇಂಗ್ಲಿಷಿನಲ್ಲಿ ಬರೆದಿದ್ದರು. ಪತ್ರ ಪೂರ್ತಿ ಅರ್ಥವಾಯಿತೇ ಎಂದು ನಾನು ಕೇಳಿದೆ.

"ಎರಡು ಸಲ ಓದಿದೆ ಮೇಷ್ಟ್ರೇ. ಡಿಕ್ಷನರಿ ಬೇಕಾಗ್ಲಿಲ್ಲ, ಮಕ್ಕಳನ್ನ ಕೇಳ್ಬೇಕಾಗ್ಲಿಲ್ಲ. ಒಂದು ಪದಕ್ಕೂ ತಡೀಲಿಲ್ಲ" ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. "ಇನ್ನು ಯಾವ ಬಾಯಲ್ಲಿ ಬರಲ್ಲ ಅಂತ ಹೇಳ್ಲಿ?"